ಎರಡನೆಯ ಸಹಿ

"ಇನ್ನೊಬ್ಬರು ನೋಡಿ ಸಹಿ ಹಾಕದ ಹೊರತು ನಾ ಮ್ಯಾಲೆ ಹಾರೂದಿಲ್ಲ" ಎಂದು ಬಾಲಚಂದ್ರ ಹದಿನಾರು ವರ್ಷಗಳ ಹಿಂದೆ, ವಿಮಾನ ಕಟ್ಟುವ ಆಸೆ ಹೇಳಿಕೊಂಡ ದಿನವೇ, ವಿಶಾಖಪಟ್ಟಣದ ಬೀಚ್ ರಸ್ತೆಯಲ್ಲಿ ಹೆಂಡತಿಗೆ ಮಾತು ಕೊಟ್ಟಿದ್ದರು. ಇವತ್ತು ವಿಜಯವಾಡದ ಮನೆಯ ಅಂಗಳದಲ್ಲಿ ಅವರ ದೇಹವನ್ನು ಕುಳ್ಳಿರಿಸಿದ್ದರೆ, ಒಳಗೆ ಚೆನ್ನಮ್ಮ ಕಪಾಟಿನ ಫೈಲುಗಳನ್ನೆಲ್ಲ ನೆಲಕ್ಕೆ ಸುರಿದು ಆ ಸಹಿಯನ್ನು ಹುಡುಕುತ್ತಿದ್ದರು.

"ಅಮ್ಮಾ, ಆಮ್ಯಾಲೆ ನೋಡೋಣು. ಜನ ಬಂದಾರ," ಎಂದಳು ಮಗಳು ಮಾನಸ.

"ಹಾರಿದ ಎಲ್ಲಾ ದಿನದ ತಪಾಸಣಿ ಹಾಳಿ ಅದಾವ. ನಿನ್ನಿದೊಂದ ಇಲ್ಲ. ಮಾತು ಮುರದು ಹೋದ್ರು ನಿಮ್ಮಪ್ಪ."

ಬಾಗಿಲಲ್ಲಿ ನಿಂತಿದ್ದ, ಬಾಲಚಂದ್ರರ ಬ್ಯಾಂಕಿನ ಕಾಲದ ಗೆಳೆಯ ಗುರುದತ್ತ ಅಂಗಳಕ್ಕೆ ಹೋದರು. ಅಲ್ಲೂ ನಿಲ್ಲಲಾಗದೆ ಗೇಟಿನವರೆಗೆ ಹೋಗಿ ತಿರುಗಿದರು. ನಿನ್ನೆಯ ಹಾಳೆ ಅವರ ಅಂಗಿಯ ಜೇಬಿನಲ್ಲಿತ್ತು.

"ರಿಟೈರಾದ್ಮೇಲೆ ನಾವು ಸ್ಕೂಟರ್ ಸರ್ವೀಸ್ ಮಾಡ್ಸೋಕೇ ಒದ್ದಾಡ್ತೀವಿ, ಇವ್ರು ಶೆಡ್ಡಲ್ಲಿ ವಿಮಾನ ಕಟ್ಟಿದ್ರು," ಎಂದರು ಬ್ಯಾಂಕಿನ ಹಳೆಯ ಸಹೋದ್ಯೋಗಿ ಜಗದೀಶ್. "ರಜಾ ಅರ್ಜಿಗೂ ಮೂರು ಪ್ರತಿ ಇಡ್ತಿದ್ದ ಮನುಷ್ಯ ಕಣ್ರೀ. ಚೆಕ್ ಮಾಡಿಸ್ದೆ ಹಾರಿದ್ರಂತೆ! ನೀವು ಅಲ್ಲೇ ಇದ್ರಲ್ಲ, ಗುರುದತ್ತ?"

"ಇದ್ದೆ," ಎಂದರು ಗುರುದತ್ತ.

*

ಹಿಂದೆ ಬ್ಯಾಂಕಿನ ವಿಶಾಖಪಟ್ಟಣದ ಶಾಖೆಯಲ್ಲಿ, ಹಣವಿಡುವ ಸ್ಟ್ರಾಂಗ್ ರೂಮಿಗೆ ಎರಡು ಕೀ. ಒಂದು ಬಾಲಚಂದ್ರರದು, ಒಂದು ಗುರುದತ್ತರದು. ಇಬ್ಬರೂ ಬಂದು ತಮ್ಮ ತಮ್ಮ ಕೀ ತಿರುಗಿಸಬೇಕೆಂಬುದು ನಿಯಮ. ಗುರುದತ್ತ ತಮ್ಮ ಕೀಯನ್ನು ಮೇಜಿನ ಮೇಲೆ ಬಾಲಚಂದ್ರರತ್ತ ಜಾರಿಸಿ ಚಹಾಕ್ಕೆ ಹೋಗುತ್ತಿದ್ದರು. ಬಾಲಚಂದ್ರ ಮೊದಮೊದಲು ಬೈದರು. ಆಮೇಲೆ ಬಿಟ್ಟರು.

ನಿನ್ನೆ ಮಂಗಳಗಿರಿಯಾಚೆಯ ಮಣ್ಣಿನ ರನ್‌ವೇಯಲ್ಲೂ ಬಾಲಚಂದ್ರ ಹಾಳೆ ಚಾಚಿದ್ದರು.

"ಬಾಲದ ಕಡೆ ಹೋಗಿ ನೋಡ್ರಿ. ಮೊನ್ನಿ ಸಂಜಿ ಅಲ್ಲಿ ಕೇಬಲ್ ಬಿಚ್ಚಿ ಮತ್ತ ಹಾಕೇನಿ."

"ನೀವು ಹಾಕಿದ್ಮೇಲೆ ನಾನೇನ್ರೀ ನೋಡೋದು?"

ಸ್ಕೂಟರಿನ ಸೀಟಿನ ಮೇಲೆ ಹಾಳೆಯಿಟ್ಟು ಸಹಿ ಹಾಕಿ, ಗುರುದತ್ತ ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಂಡರು. ಹತ್ತು ನಿಮಿಷ ವಿಮಾನ ಚೆನ್ನಾಗಿಯೇ ಹಾರಿತು. ಇಳಿಯುವಾಗ ಮಾತ್ರ ಅದರ ಮೂಗು ಮೇಲೇಳಲಿಲ್ಲ. ನೇರ ನೆಲಕ್ಕೆ ಬಡಿಯಿತು. ಮೂಗೆತ್ತುವ ಬಾಲದ ಕೇಬಲ್ಲಿನ ಬೋಲ್ಟಿಗೆ, ನಟ್ ಹಿಡಿದಿಡುವ ಪಿನ್ ಹಾಕಿರಲಿಲ್ಲ, ನಟ್ ಕಳಚಿತ್ತು. ಬೆರಳುದ್ದದ ಆ ಪಿನ್ ರನ್‌ವೇ ಪಕ್ಕದ ಶೆಡ್ಡಿನ ಬೆಂಚಿನ ಮೇಲೆಯೇ ಇರುವುದನ್ನು ಮೆಕ್ಯಾನಿಕ್ ಬಾಬ್ಜಿ ತೋರಿಸಿದಾಗ, ಗುರುದತ್ತ ಸ್ಕೂಟರಿನ ಬಳಿ ಹೋಗಿ, ಸೀಟಿನ ಮೇಲೆಯೇ ಉಳಿದಿದ್ದ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡರು.

*

"ಅಮ್ಮಗಾರು, ಬಂಡಿ ವಚ್ಚಿಂದಿ," ಎಂದ ಬಾಬ್ಜಿ. ಗೇಟಿನಲ್ಲಿ ವ್ಯಾನ್ ನಿಂತಿತ್ತು.

ಚೆನ್ನಮ್ಮ ವಿಭೂತಿಯ ಬಟ್ಟಲು ಹಿಡಿದು ಗಂಡನ ಮುಂದೆ ನಿಂತರು. ಕೈ ಮೇಲೆತ್ತಲಿಲ್ಲ.

"ಹಚ್ಚಮ್ಮಾ," ಎಂದಳು ಮಾನಸ.

"ಹದಿನಾರು ವರ್ಷದ ಮಾತು ಸುಳ್ಳ ಮಾಡಿ ಹೋದವರ ಹಣಿಗೆ ಏನಂತ ಹಚ್ಚಲಿ?"

ಗುರುದತ್ತ ಮುಂದೆ ಬಂದರು. ಜೇಬಿನ ಗುಂಡಿ ಬಿಚ್ಚಿ ಹಾಳೆ ಹೊರತೆಗೆದರು.

"ಅತ್ತಿಗೆ, ಹಾಳೆ ನನ್ ಹತ್ರ ಇದೆ."

ಚೆನ್ನಮ್ಮ ಬಿಡಿಸಿ ನೋಡಿದರು. ಕೆಳಗೆ ಎರಡು ಸಹಿಗಳಿದ್ದವು.

"ಹಂಗಾರ ನೀವು ನೋಡಿದ್ರಿ?"

"ಅವ್ರು ನೋಡಿ ಅಂದ್ರು. ನಾನು ಸಹಿ ಹಾಕ್ದೆ. ನೋಡ್ಲಿಲ್ಲ."

ಚೆನ್ನಮ್ಮ ಮೂರು ಬೆರಳು ಬಟ್ಟಲಿಗದ್ದಿ ಗಂಡನ ಹಣೆಗೆ ನಿಧಾನವಾಗಿ ಎಳೆದರು. ಹಾಳೆಯನ್ನು ಅದೇ ಕೈಯಲ್ಲಿ ಮಡಚಿ ಗುರುದತ್ತರಿಗೆ ವಾಪಸು ಕೊಟ್ಟರು. ಅದರ ಮೇಲೂ ಮೂರು ಬಿಳಿ ಗೆರೆಗಳು ಮೂಡಿದ್ದವು.

"ಎತ್ರಿ," ಎಂದರು.

ನೋಡಿರೆಂದು ಹೇಳಿ ಸಹಿ ಪಡೆದೇ ಹಾರಿದ್ದ ಬಾಲಚಂದ್ರ, ಚೆನ್ನಮ್ಮನ ಪಾಲಿಗೆ ಕೊಟ್ಟ ಮಾತು ಮುರಿದಿರಲಿಲ್ಲ.