ಅರಿಶಿನದ ದಾರ

ಬುಕ್ಕಾಂಬುಧಿಯಲ್ಲಿ ಸಾವಿತ್ರಮ್ಮನವರ ಬಾಯಿಗೆ ಬೀಗ ಹಾಕಿದವರು ಯಾರೂ ಇಲ್ಲ. ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಹೋದರೆ ಸರ್ಕಾರಕ್ಕೆ ಒಂದು ಸುತ್ತು ಮಂಗಳಾರತಿ ಎತ್ತದೆ ಅವರು ವಾಪಸು ಬರುತ್ತಿರಲಿಲ್ಲ.

"ಅಕ್ಕಿ ಪುಕ್ಕಟೆ, ಬಸ್ಸು ಪುಕ್ಕಟೆ, ಈಗ ಆಪರೇಷನ್ನೂ ಪುಕ್ಕಟೆ. ಹಿಂಗೇ ಕೊಡ್ತಾ ಹೋದ್ರೆ ಮೈ ಬಗ್ಗಿಸಿ ದುಡಿಯೋರು ಯಾರು?"

ಅವರ ತೆಂಗಿನ ತೋಟಕ್ಕೆ ಕೂಲಿಗೆ ಬರುವ ಜವರಮ್ಮ ಹಾಲಿನ ಕ್ಯಾನು ಹಿಡಿದು ಪಕ್ಕದಲ್ಲೇ ನಿಂತಿದ್ದರೂ ಮಾತಿನ ಕಾವು ಇಳಿಯುತ್ತಿರಲಿಲ್ಲ. ಜವರಮ್ಮ "ಹೂಂ ಅಮ್ಮಾವ್ರೆ" ಎನ್ನುತ್ತಿದ್ದಳು.

ಇಂಥ ಸಾವಿತ್ರಮ್ಮನವರ ಯಜಮಾನರಾದ ಸಿದ್ದಪ್ಪನವರ ಮೊಣಕಾಲು ಸವೆದುಹೋಯಿತು. ಕೀಲು ಬದಲಿಸಲೇಬೇಕು ಎಂದರು ಡಾಕ್ಟರು. ತೋಟ ಕಣ್ಣು ಹಾಯುವಷ್ಟು ದೂರ ಇತ್ತು. ಆದರೆ ಖಾತೆ ಮಾತ್ರ ಎಂದೋ ತೀರಿಕೊಂಡ ಮಾವನ ಹೆಸರಿನಲ್ಲೇ ಉಳಿದಿತ್ತು. ಹಾಗಾಗಿ ಕಾಗದದ ಮೇಲೆ ಅವರದು ಕಡುಬಡವರ ಮನೆ, ಬಿಪಿಎಲ್ ಕಾರ್ಡು ಬೇರೆ. ಬೀರೂರಿನಲ್ಲಿ ಟೈರಿನ ಅಂಗಡಿ ಇಟ್ಟಿರುವ ಮಗ ಮೋಹನನೇ ದಾರಿ ಹೇಳಿಕೊಟ್ಟ.

"ತರೀಕೆರೆ ಆಸ್ಪತ್ರೇಲಿ ಚೀಟಿ ಬರೆಸ್ಕೊಂಡ್ರೆ ಶಿವಮೊಗ್ಗದಲ್ಲಿ ಕಾಸಿಲ್ದೆ ಆಗುತ್ತೆ. ಆದ್ರೆ ಅಮ್ಮಾ, ಸರ, ಓಲೆ, ಬಳೆ ಎಲ್ಲಾ ತೆಗೆದಿಟ್ಟು ಹೋಗು. ಕಾರ್ಡಿಗೂ ಕೊರಳಿಗೂ ಹೊಂದ್ಬೇಕಲ್ಲ."

ಸಾವಿತ್ರಮ್ಮನವರಿಗೆ ಮೊದಲು ಅಳುಕಾಯಿತು, ಸುಳ್ಳೇಕೆ ಹೇಳಬೇಕು. ಆದರೆ ಊರಿಗೆ ಊರೇ ತಗೊಳ್ಳುವಾಗ ನಾವೊಬ್ಬರು ಬಿಟ್ಟರೆ ಯಾರಿಗೆ ಲಾಭ ಎಂಬ ಸಮಾಧಾನ ಎಲ್ಲರಿಗೂ ಸಿಗುವಂತೆ ಅವರಿಗೂ ಸಿಕ್ಕಿತು. ತಾಳಿಯನ್ನು ಚಿನ್ನದ ಸರದಿಂದ ಬಿಚ್ಚಿ ಅರಿಶಿನದ ದಾರಕ್ಕೆ ಪೋಣಿಸಿಕೊಂಡರು. ಸರ ಬೀರುವಿಗೆ ಹೋಯಿತು.

ಯಜಮಾನರ ಜೊತೆ ತರೀಕೆರೆ ಆಸ್ಪತ್ರೆಗೆ ಹೋದರೆ, ಸಾಲಿನಲ್ಲಿ ಅವರಿಗಿಂತ ಮುಂದೆ ನಿಂತಿದ್ದವಳು ಜವರಮ್ಮ. ಪಿತ್ತಕೋಶದಲ್ಲಿ ಕಲ್ಲಾಗಿ, ಅವಳೂ ಶಿವಮೊಗ್ಗದ ಚೀಟಿಗೇ ಬಂದಿದ್ದಳು. ಸಾವಿತ್ರಮ್ಮನವರು ಸೆರಗು ಎಳೆದುಕೊಳ್ಳುವುದರೊಳಗೆ ಅವಳ ಕಣ್ಣು ದಾರವನ್ನೂ ಬರಿಗಿವಿಯನ್ನೂ ನೋಡಿ ಆಗಿತ್ತು. ಜವರಮ್ಮನ ಮುಖ ಬಾಡಿಹೋಯಿತು. ಒಡವೆಯೆಲ್ಲ ಅಡ ಇಟ್ಟಿದ್ದಾರೆ ಎಂದುಕೊಂಡಳು ಪುಣ್ಯಾತ್ಗಿತ್ತಿ.

"ನೀವು ಮುಂದಕ್ ಬನ್ನಿ ಅಕ್ಕಾ," ಎಂದಳು ಮೆಲ್ಲಗೆ. "ಯಜಮಾನ್ರಿಗೆ ನಿಲ್ಲಕ್ಕಾಗಲ್ಲ. ನಂದೇನು, ತಡ್ಕೋತೀನಿ."

ಅಮ್ಮಾವ್ರೆ ಎಂದಲ್ಲದೆ ಎಂದೂ ಬೇರೆ ರೀತಿ ಕರೆದವಳಲ್ಲ ಅವಳು. ಸಾವಿತ್ರಮ್ಮನವರಿಗೆ ಮೈಗೆಲ್ಲ ಮುಳ್ಳು ಚುಚ್ಚಿದಂತಾಯಿತು. ಆದರೂ ಮುಂದೆ ಹೋಗಿ ನಿಂತರು. ಅವರ ಚೀಟಿ ಆಯಿತು. ಜವರಮ್ಮನ ಸರದಿ ಬರುವ ಹೊತ್ತಿಗೆ ಸರ್ವರ್ ಕೈಕೊಟ್ಟಿತು, ಡಾಕ್ಟರು ಎದ್ದು ಹೋದರು. ಮುಂದಿನ ಬುಧವಾರ ಬಾ ಎಂದರು. ಆ ಬುಧವಾರ ಡಾಕ್ಟರಿಗೆ ರಜೆ.

ಸಿದ್ದಪ್ಪನವರ ಆಪರೇಷನ್ ಸುಸೂತ್ರವಾಗಿ ಮುಗಿಯಿತು. ಊರಿಗೆ ಬಂದು ನೋಡಿದರೆ ತೋಟದಲ್ಲಿ ಕಾಯಿ ಕೆಡವುವ ಕೆಲಸ ಆಗಲೇ ನಡೆದಿತ್ತು. ಜವರಮ್ಮನ ಗಂಡ ಓಬಳಪ್ಪ ದೋಟಿ ಹಿಡಿದಿದ್ದ, ಜವರಮ್ಮ ಕಾಯಿ ಹೊತ್ತು ರಾಶಿ ಹಾಕುತ್ತಿದ್ದಳು. ಕೂಲಿ ಕೊಡಲು ಹೋದರೆ ಕೈ ಹಿಂದಕ್ಕೆ ಕಟ್ಟಿಕೊಂಡಳು.

"ಬ್ಯಾಡಕ್ಕಾ. ಮುಯ್ಯಿ ಅನ್ಕೊಳ್ಳಿ. ನಮ್ಗೂ ಒಂದಿನ ಆಳು ಬೇಕಾಗ್ತದೆ, ಆಗ ನೀವು ಬನ್ನಿ."

ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು ಎಂದು ಸರೀಕರು ಮಾಡಿಕೊಳ್ಳುವ ಕೆಲಸಕ್ಕೆ ಮುಯ್ಯಿ ಎನ್ನುತ್ತಾರೆ. ಈ ಎರಡು ಮನೆಗಳ ನಡುವೆ ಅದು ಎಂದೂ ನಡೆದಿರಲಿಲ್ಲ. ಮಾರನೆಯ ದಿನ ಜವರಮ್ಮ ಸೆರಗಿನಲ್ಲಿ ಅವರೆಕಾಯಿ ಕಟ್ಟಿಕೊಂಡು ಬಂದು, ಯಾರೂ ನೋಡದಂತೆ ಹಿತ್ತಲ ಬಾಗಿಲಲ್ಲಿ ಸುರಿದು ಹೋದಳು. ಬೀರುವಿನೊಳಗಿನ ಸರವನ್ನು ಹಾಕಿಕೊಳ್ಳಲು ಸಾವಿತ್ರಮ್ಮನವರಿಗೆ ಧೈರ್ಯ ಬರಲಿಲ್ಲ. ಡೈರಿಯಲ್ಲೂ ಬಾಯಿ ಬಿಡಲಿಲ್ಲ. ಇವರಿಗೇನಾಯಿತು ಎಂದು ಜನ ಮುಖ ಮುಖ ನೋಡಿಕೊಂಡರು.

ಕಾಯಿ ಎಣಿಸುವ ದಿನ ಜವರಮ್ಮ ಹೊಟ್ಟೆ ಹಿಡಿದುಕೊಂಡು ರಾಶಿಯ ಪಕ್ಕ ಕುಸಿದಳು. ಹಣೆಯೆಲ್ಲ ಬೆವರು. ಸಾವಿತ್ರಮ್ಮನವರು ಚೊಂಬಿನಲ್ಲಿ ನೀರು ಹಿಡಿದು ಓಡಿಬಂದರು.

"ಎಲ್ಲಾ ನನ್ನಿಂದ ಕಣೇ," ಎಂದರು.

"ಬಿಡಿ ಅಕ್ಕಾ, ಇದು ಹೋಗ್ತದೆ," ಎಂದು ಅವಳು ನೋವಿನಲ್ಲೇ ನಕ್ಕಳು. "ನಿಮ್ ಸರ ಬಿಡಿಸ್ಕೊಳ್ಳೋ ಹೊತ್ಗೆ ನಂದೂ ವಾಸಿ ಆಗಿರ್ತದೆ."

ಸಾವಿತ್ರಮ್ಮನವರಿಗೆ ಅದನ್ನು ತಡೆಯಲಾಗಲಿಲ್ಲ.

"ಸರ ಎಲ್ಲೂ ಅಡ ಇಟ್ಟಿಲ್ಲ ಜವರಮ್ಮಾ. ಬೀರುನಾಗೇ ಐತೆ. ಅವತ್ತು ಬೇಕಂತ್ಲೇ ತೆಗೆದಿಟ್ಟು ಬಂದಿದ್ದೆ."

"ಅವತ್ತೂ ಮನೇಲೇ ಇತ್ತಾ?"

"ಇತ್ತು."

ಜವರಮ್ಮ ಉಳಿದ ನೀರು ಕುಡಿದು ಚೊಂಬನ್ನು ನೆಲಕ್ಕಿಟ್ಟಳು. ಬೈದಿದ್ದರೆ ಸಾವಿತ್ರಮ್ಮನವರಿಗೆ ಮನಸ್ಸು ಹಗುರಾಗುತ್ತಿತ್ತು.

"ನಾಳೆನೇ ಮೋಹನನ ಕಾರಿನಾಗೆ ಶಿವಮೊಗ್ಗಕ್ಕೆ ಹೋಗೋಣ. ಖರ್ಚೆಲ್ಲಾ ನಂದು," ಎಂದರು ಸಾವಿತ್ರಮ್ಮ, ಗೋಗರೆಯುವಂತೆ.

"ನಿಮ್ಮದ್ಯಾಕೆ? ನಂಗೂ ಕಾರ್ಡ್ ಐತೆ. ಬುಧವಾರ ಡಾಕ್ಟ್ರು ಬತ್ತಾರೆ. ಸಾಲ್ನಾಗೆ ನಿಂತ್ಕೋತೀನಿ." ಅವಳು ಮಂಡಿಯ ಮೇಲೆ ಕೈಯೂರಿ ಎದ್ದು, ಸೀರೆಗೆ ಹತ್ತಿದ ನಾರು ಕೊಡವಿದಳು. "ನಾನೂ ನಮ್ಮೋರೂ ಮಾಡಿದ್ ಕೆಲ್ಸದ ಕೂಲಿ ಕೊಟ್ಬಿಡಿ, ಅಮ್ಮಾವ್ರೆ."

ಸಾವಿತ್ರಮ್ಮನವರು ಒಳಗೆ ಹೋದರು. ದುಡ್ಡು ಇದ್ದದ್ದೂ ಅದೇ ಬೀರುವಿನಲ್ಲಿ, ಸರದ ಪಕ್ಕದಲ್ಲೇ.