ಕೋಳಿಗೆ ಎಷ್ಟು ಇಂದ್ರಿಯ

ನಾನು ಮದುವೆಯಾಗಿ ಬಂದ ವಾರದಲ್ಲೇ ಮಾವ ಅಪ್ಪಾಸಾಬರು "ಬಾ ಶಾಲನ" ಎಂದು ಎದುರಿಗೆ ಕೂರಿಸಿಕೊಂಡು ಜೀವಗಳ ತರತಮ ಹೇಳಿಕೊಟ್ಟರು. ಆಲೂಗಡ್ಡೆಗೆ ಒಂದೇ ಇಂದ್ರಿಯ, ಎರೆಹುಳಕ್ಕೆ ಎರಡು, ಇರುವೆಗೆ ಮೂರು, ನೊಣಕ್ಕೆ ನಾಲ್ಕು. ದನ, ಕೋಳಿ, ಮನುಷ್ಯ ಎಲ್ಲರಿಗೂ ಐದು, ಮೇಲೆ ಮನಸ್ಸು ಬೇರೆ. ಇಂದ್ರಿಯ ಹೆಚ್ಚಿದಷ್ಟೂ ನೋವು ಹೆಚ್ಚು, ಕೊಂದರೆ ಪಾಪವೂ ಹೆಚ್ಚು. ನಾನು ಅದನ್ನೆಲ್ಲ ನಂಬಿದೆ. ಈಗಲೂ ನಂಬುತ್ತೇನೆ, ಅದಕ್ಕೇ ಇಷ್ಟು ಸಿಟ್ಟು.

ಮಿರಜದ ಸುತ್ತ ಹೊಸ ಹೋಟೆಲುಗಳು ಎದ್ದು ಕೋಳಿಗೆ ಗಿರಾಕಿ ಹೆಚ್ಚಿದ ವರ್ಷಗಳು ಅವು. ಮಾಲಗಾಂವದ ನಮ್ಮ ಹೊಲದಲ್ಲಿ ಮಾವ ಕೋಳಿ ಶೆಡ್ಡು ಹಾಕಿಸಿದರು. ಆದರೆ ಜೈನರ ಮನೆಯವರು ಕಟುಕರಿಗೆಂದು ಕೋಳಿ ಸಾಕಿದರೆ ಬಸದಿಯಲ್ಲಿ ತಲೆ ಎತ್ತುವುದು ಹೇಗೆ? ಶೆಡ್ಡನ್ನು ಆಳು ಧರೆಪ್ಪನ ಹೆಸರಿಗೆ ಮಾಡಿದರು. ಲಾಭ ನಮ್ಮದು, ಪಾಪ ಅವನದು. ಧರೆಪ್ಪನೂ ಜೈನನೇ, ಅಥಣಿ ಕಡೆಯವನು. ಬಡವ, ಅಷ್ಟೇ. ಶೆಡ್ಡಿನ ಪಕ್ಕದಲ್ಲಿ ಮುದಿ ದನಗಳನ್ನು ಸಾಕುವ ಪಾಂಜರಪೋಳ. ಅದು ಮಾತ್ರ ಮಾವನ ಹೆಸರಿನಲ್ಲಿ, ಅಮೃತಶಿಲೆಯ ಫಲಕದ ಸಮೇತ.

ಒಂದು ಮೇ ಮಧ್ಯಾಹ್ನ ದನಗಳಿಗೆ ಬೆಲ್ಲ ತಿನ್ನಿಸಲು ಮಾವನ ಜೊತೆ ಹೋಗಿದ್ದೆ. ಕರೆಂಟು ಹೋಯಿತು. ಪಾಂಜರಪೋಳದ ಹೊಸ ಜನರೇಟರ್ ಗುಡುಗುಡು ಎಂದಿತು, ದನಗಳ ಮೇಲೆ ಫ್ಯಾನು ತಿರುಗಿದವು. ಶೆಡ್ಡಿನ ಫ್ಯಾನು ನಿಂತವು. ಧರೆಪ್ಪ ಓಡಿ ಬಂದ.

"ಅಣ್ಣಾರ, ಕೋಳಿ ಬಾಯಿ ತಕ್ಕೊಂಡು ಬೀಳಾಕತ್ತಾವ್ರಿ. ಜನರೇಟರದ್ದ ಒಂದ ವಾಯರ್ ಈ ಕಡೆ ಕೊಡ್ರಿ, ಬಿಸಲ ಇಳಿಯೂತನಕ."

"ಅದು ದಾನದ್ದೋ. ದನಕ್ಕ ಕೊಟ್ಟದ್ದನ್ನ ಕಟುಕರ ಕೋಳಿಗೆ ಹಚ್ಚಿದರ ನನಗ ದೋಷ ಬರ್ತೈತಿ."

ನಾನು ತಡೆಯಲಾರದೆ ಬಾಯಿ ಹಾಕಿದೆ. "ಮಾವಾರ, ಕೋಳಿಗೂ ಐದ ಇಂದ್ರಿಯ ಅಂತ ನೀವ ಹೇಳಿದ್ರಿ. ದನಾ ನೆಳ್ಳಾಗ ಅದಾವ, ಒಂದ ತಾಸು ಫ್ಯಾನ್ ಇಲ್ಲಂದ್ರ ಸಾಯಂಗಿಲ್ಲ."

"ಪುಸ್ತಕದ್ದ ಬ್ಯಾರೆ, ಶಾಲನ. ಕೋಳಿಗೆ ಏನ್ ತಿಳಿತೈತಿ? ಇವತ್ತಲ್ಲಾ ನಾಳೆ ಸಾಯೂವ."

ಧರೆಪ್ಪ, ಅವನ ಹೆಂಡತಿ ಪದ್ಮವ್ವ, ನಾನು ತೊಟ್ಟಿಯಿಂದ ಕೊಡದಲ್ಲಿ ನೀರು ಹೊತ್ತು ಎರಚಿದೆವು. ಕೋಳಿಗಳು ರೆಕ್ಕೆ ಅಗಲಿಸಿ, ಕೊಕ್ಕು ತೆರೆದು, ಒಂದರ ಮೇಲೊಂದು ಬಿದ್ದವು. ಒಂದು ನನ್ನ ಕೈಯಲ್ಲೇ ಗೋಣು ಚೆಲ್ಲಿತು. ಅದರ ಕಣ್ಣು ನೋಡಿದವರು ಅದಕ್ಕೇನು ತಿಳಿಯುತ್ತದೆ ಎಂದು ಕೇಳಲಾರರು. ಕರೆಂಟು ಬರುವಷ್ಟರಲ್ಲಿ ಅರ್ಧ ಶೆಡ್ಡು ಸತ್ತಿತ್ತು.

ಮರುದಿನ ಬೆಳಿಗ್ಗೆ ಮಾವ ಬಂದು ಶೆಡ್ಡಿನ ಬಾಗಿಲ ಹೊರಗೇ ನಿಂತರು. ಮುಖದಲ್ಲಿ ನಿಜವಾದ ಸಂಕಟವೇ ಇತ್ತು.

"ಧರೆಪ್ಪಾ, ಎಂಥಾ ಘಾತ ಆತೋ. ಪಂಚೇಂದ್ರಿಯ ಜೀವ, ಮನಸ್ಸಿದ್ದ ಜೀವ! ಶೆಡ್ಡ ನಿನ್ನ ಹೆಸರಿನ್ಯಾಗ ಐತಿ, ಹಿಂಸಾ ನಿನಗ ಹತ್ತತೈತಿ. ಇವತ್ತ ನೀರೂ ಮುಟ್ಟದಂಗ ಉಪವಾಸ ಹಿಡಿ, ಪ್ರಾಯಶ್ಚಿತ್ತ ಆಗಲಿ."

ನಾನು ಅವರ ಎದುರಿಗೆ ಹೋಗಿ ನಿಂತೆ. "ನಿನ್ನೆ ಮಧ್ಯಾಹ್ನ ಎಷ್ಟ ಇಂದ್ರಿಯ ಇದ್ದೂರಿ ಅವಕ್ಕ, ಮಾವಾರ?"

ಮಾವ ಜೀಪು ಹತ್ತಿದರು.

ಧರೆಪ್ಪ ಬಿಸಿಲಲ್ಲಿ ಗುಂಡಿ ತೋಡತೊಡಗಿದ. ಹೊತ್ತೇರಿದ ಹಾಗೆ ಅವನ ತುಟಿ ಒಡೆಯಿತು. ನಾನು ತಂಬಿಗೆಯಲ್ಲಿ ನೀರು ಒಯ್ದೆ.

"ಕುಡಿ ಧರೆಪ್ಪಾ. ಪಾಪ ನಿಂದಲ್ಲ."

ಅವನು ತಂಬಿಗೆ ಮುಟ್ಟಲಿಲ್ಲ. ಸತ್ತ ಕೋಳಿಗಳ ರಾಶಿಗೆ ಕೈ ಮುಗಿದ.

"ಬ್ಯಾಡ್ರಿ ವೈನಿ. ಮನಸ್ಸಿದ್ದ ಜೀವ. ನನ್ನ ಕೈಯಾಗ ಹ್ವಾದವು" ಎಂದು ಮತ್ತೆ ಗುದ್ದಲಿ ಎತ್ತಿದ.