ಮತ್ರೋನಾಳ ಅಳತೆಯ ದಾರ

ಸಂತ ಮತ್ರೋನಾಳ ಸಮಾಧಿಯ ಮೇಲಿದ್ದ ಅಮೃತಶಿಲೆಯ ಚಪ್ಪಡಿಯನ್ನು ವಿದಾದ್‌ಳ ತಂಡ ಪಕ್ಕಕ್ಕೆ ಸರಿಸಿದಾಗ, ಶವ ಮಲಗಿಸಲು ಬಂಡೆಯಲ್ಲೇ ಕೊರೆದ ಹಳೆಯ ಹಾಸು ಸಿಕ್ಕಿತು. ಅದು ಚಪ್ಪಡಿಗಿಂತ ಒಂದು ಗೇಣು ಗಿಡ್ಡವಾಗಿತ್ತು. ಉತ್ಖನನದಲ್ಲಿ ಇಂಥದ್ದು ದಿನಾ ಸಿಗುತ್ತದೆಯೇ? ತಂಗಿ ನುಹಾದ್‌ಳ ಮನೆಯಲ್ಲಿ ಕಾಫಿ ಕುಡಿಯುತ್ತ ವಿದಾದ್ ಖುಷಿಯಲ್ಲಿ ಎಲ್ಲ ಹೇಳಿಬಿಟ್ಟಳು.

ಹೇಳಬಾರದಿತ್ತು. ಆ ಊರಿನ ಬಸುರಿಯರು ಸಮಾಧಿಯ ಉದ್ದಕ್ಕೆ ಹತ್ತಿಯ ದಾರ ಹಿಡಿದು, ಕತ್ತರಿ ಮುಟ್ಟಿಸದೆ ಕಲ್ಲಿನ ಅಂಚಿಗೇ ತಿಕ್ಕಿ ಹರಿದು, ಮಗು ಉಳಿಯಲೆಂದು ಸೊಂಟಕ್ಕೆ ಸುತ್ತಿಕೊಳ್ಳುತ್ತಾರೆ. ಹೆರಿಗೆಯ ತನಕ ಅದನ್ನು ಬಿಚ್ಚುವುದಿಲ್ಲ. ಎರಡು ಸಲ ಮಗು ಕಳೆದುಕೊಂಡು ಈಗ ದಿನ ತುಂಬಿದ್ದ ನುಹಾದ್ ಸ್ನಾನಕ್ಕೂ ಬಿಚ್ಚಿರಲಿಲ್ಲ. ಮರುದಿನ ಬೆಳಿಗ್ಗೆ ಸಣ್ಣಗೆ ನೋವು ಶುರುವಾದಾಗ ಮಾತ್ರ ಬಿಚ್ಚಿ ಮೇಜಿನ ಮೇಲಿಟ್ಟು, ಆಸ್ಪತ್ರೆಗೆ ಬರುವುದಿಲ್ಲ ಎಂದು ಕುಳಿತಳು.

"ಅಳತೇನೇ ತಪ್ಪು ಅಂದ್ಮೇಲೆ ಇದನ್ನ ಕಟ್ಕೊಂಡು ಏನ್ ಮಾಡ್ಲಿ ಅಕ್ಕ? ಸರಿಯಾದ್ದು ಕೊಡು, ಬರ್ತೀನಿ."

ಮಗನ ಹೆಸರು ಹಿಡಿದು ಊರೆಲ್ಲ ಉಮ್ಮ್ ನಿಕೋಲಾ, ಅಂದರೆ ನಿಕೋಲಾನ ತಾಯಿ, ಎಂದು ಕರೆಯುವ ಅವಳ ಅತ್ತೆ ವಿದಾದ್‌ಳತ್ತ ತಿರುಗಿದರು. "ನಾನು ಐದು ಹೆತ್ತೆ, ಆ ಚಪ್ಪಡಿ ಬಾಯಿ ಬಿಡ್ಲಿಲ್ಲ. ನೀನು ಒಂದು ಕಪ್ ಕಾಫಿಗೆ ಬಾಯಿ ಬಿಟ್ಟೆ!"

"ಆಸ್ಪತ್ರೆ ದಾರಿ ಚೆಕ್‌ಪೋಸ್ಟ್‌ನಲ್ಲಿ ಸಾಲು ಬೆಳೀತಿದೆ ಕಣ್ರೇ!" ಹೊರಗೆ ಕಾರಿನಿಂದ ನುಹಾದ್‌ಳ ಗಂಡ ನಿಕೋಲಾ ಕೂಗಿದ.

ಅಳೆದದ್ದೇ ತಪ್ಪಾಗಿತ್ತು ಎಂದು ಸುಳ್ಳು ಹೇಳಿ ಮುಗಿಸೋಣವೆಂದು ವಿದಾದ್‌ಗೆ ಅನ್ನಿಸಿತು. ಆದರೆ ತಂಗಿಯ ಮುಖ ನೋಡಿ, ಟಾರ್ಚನ್ನೂ ಹೊಸ ದಾರವನ್ನೂ ಎತ್ತಿಕೊಂಡಳು. ಮೂವರೂ ಪಕ್ಕದಲ್ಲೇ ಸಂತಳ ಸಮಾಧಿಯಿದ್ದ ನೆಲಮಾಳಿಗೆಗೆ ನಿಧಾನವಾಗಿ ಇಳಿದರು.

ಗಿಡ್ಡ ಹಾಸಿನ ಮೇಲೆ ಹೊಸ ದಾರ ಚಾಚಿ, ಒಂದು ತುದಿಯನ್ನು ಉಮ್ಮ್ ನಿಕೋಲಾ ಹಿಡಿದರು. ವಿದಾದ್ ಇನ್ನೊಂದು ತುದಿಯನ್ನು ಅಂಚಿಗೆ ತಿಕ್ಕಿದಳು. ತಿಕ್ಕಿದಳು, ತಿಕ್ಕಿದಳು. ದಾರ ಹರಿಯಲಿಲ್ಲ.

"ಅಂಚು ಮೊಂಡಾಗಿದೆ," ಎಂದರು ಉಮ್ಮ್ ನಿಕೋಲಾ. "ನಿನ್ನ ಹಾಗೇ."

ವಿದಾದ್ ಟಾರ್ಚು ಹಿಡಿದು ಬಗ್ಗಿದಳು. ಅಂಚಿನಲ್ಲಿ ಒಂದು ಗೀರೂ ಇರಲಿಲ್ಲ. ಪಕ್ಕದಲ್ಲಿ ಹಲಗೆಯ ಮೇಲಿದ್ದ ಚಪ್ಪಡಿಗೆ ಬೆಳಕು ಬಿಟ್ಟಳು. ಅದರ ಎರಡೂ ತುದಿಗಳಲ್ಲಿ ಸಾಲಾಗಿ ಸಣ್ಣ ಸಣ್ಣ ಗೀರುಗಳು, ಸಪೂರವಾಗಿ, ಚೂಪಾಗಿ ಸವೆದವು. ಕಲ್ಲುಕುಟಿಗರು ಹಗ್ಗ ಕಟ್ಟಿ ಇಳಿಸಿದ ಗುರುತೆಂದು ಅವಳೇ ತೀರ್ಮಾನಿಸಿದ್ದಳು. ಈಗ ದಾರವನ್ನು ಚಪ್ಪಡಿಯ ಉದ್ದಕ್ಕೆ ಹಿಡಿದು, ತುದಿಯ ಒಂದು ಗೀರಿನೊಳಗಿಟ್ಟು ಎಳೆದಳು. ಪಟ್ಟೆಂದು ಹರಿಯಿತು.

"ತಪ್ಪು ನಂದೇ," ಎಂದಳು. "ಇವು ಹಗ್ಗದ ಗುರುತಲ್ಲ, ದಾರದ್ದು. ಕೆಳಗಿನ ಹಾಸಿನ ಮೇಲೆ ಯಾರೂ ಅಳತೆ ಹಿಡಿದಿಲ್ಲ ಅನ್ಸುತ್ತೆ. ಹಿಡಿದದ್ದೆಲ್ಲ ಇದರ ಮೇಲೇ."

"ಅಂದ್ರೆ ಇದು ಸಂತಮ್ಮನ ಅಳತೆ ಅಲ್ವಾ?" ಎಂದಳು ನುಹಾದ್.

"ಅವಳದ್ದು ಯಾವುದೋ ನಂಗೆ ಗೊತ್ತಿಲ್ಲ ಕಣೇ. ಇಲ್ಲಿ ಮಲಗಿದ್ದು ಅವಳೇನಾ ಅಂತಾನೂ ಹೇಳಕ್ಕಾಗಲ್ಲ. ಆದ್ರೆ ದಾರ ಹಿಡ್ಕೊಂಡು ಬಂದ ಹೆಂಗಸರೆಲ್ಲ ಕಟ್ಕೊಂಡಿದ್ದು ಇದೇ ಅಳತೆ."

"ಅಷ್ಟೇ ಹೇಳು," ಎಂದರು ಉಮ್ಮ್ ನಿಕೋಲಾ. "ಮಿಕ್ಕಿದ್ದು ನುಂಗು."

ನುಹಾದ್ ಗೀರುಗಳ ಮೇಲೆ ಬೆರಳಾಡಿಸಿದಳು. "ನಮ್ಮಮ್ಮಂದೂ ಇದರಲ್ಲಿದ್ಯಾ?"

"ಇರ್ಲೇಬೇಕು. ಎರಡು ಸಲ ಬಂದಿದ್ಲಲ್ಲ. ನಂಗೊಂದು, ನಿಂಗೊಂದು."

ನುಹಾದ್ ನಗಲು ಹೋದಳು. ಅಷ್ಟರಲ್ಲಿ ನೋವು ಬಂದು ಅಕ್ಕನ ತೋಳನ್ನು ಉಗುರೂರಿ ಹಿಡಿದಳು. "ಕಟ್ಟೇ ಬೇಗ! ಅಷ್ಟು ಬಿಗಿ ಬೇಡ, ಗೂಬೆ!"

ಕಾರು ಹೊರಡುವಾಗ ಮಣ್ಣಾದ ಬಟ್ಟೆಯಲ್ಲಿದ್ದ ವಿದಾದ್ ಹಿಂದೆ ಸರಿದು ನಿಂತಳು. ಉಮ್ಮ್ ನಿಕೋಲಾ ಅವಳ ರಟ್ಟೆ ಹಿಡಿದು ಒಳಗೆಳೆದರು.

"ಕೂತ್ಕೋ. ಹೆರಿಗೆ ಆಗೋ ತನಕ ಹೊಸದೇನೂ ಕಂಡುಹಿಡೀಬೇಡ."